ಅಷ್ಟು ಚಂದ ಹಾಡಬಾರದಿತ್ತು

ಈ ಆಲ್ಬಮ್ಮನ್ನು ಯಾರಿಗೆ ಕೇಳಿಸಿದರೂ ಅರ್ಧ ನಿಮಿಷದೊಳಗೆ ಬರೋ ಪ್ರಶ್ನೆ ಒಂದೇ: 'ಚೆನ್ನಾಗಿ ಹಾಡ್ತಾಳೆ, ಯಾರಿವಳು?' ಇವಳಲ್ಲ, ಇವನು. ಹೆಸರು ಆಂಡ್ರಿಯಾಸ್ ಶೋಲ್. ಜರ್ಮನಿಯವನು, 1967ರಲ್ಲಿ ಹುಟ್ಟಿದವನು, ರೈನ್ ನದಿ ಪಕ್ಕದ ದ್ರಾಕ್ಷಿತೋಟಗಳ ಸೀಮೆಯಲ್ಲಿರೋ ಕೀಡ್ರಿಕ್ ಅನ್ನೋ ಸಣ್ಣ ಊರಲ್ಲಿ ಬೆಳೆದವನು. ಆ ಊರಿನ ಚರ್ಚಿನಲ್ಲಿ 1333ರಿಂದ ಹುಡುಗರ ಗಾಯನ ಮೇಳ ನಡೆದುಕೊಂಡು ಬಂದಿದೆ. ಶೋಲ್ ಚಿಕ್ಕಂದಿನಲ್ಲೇ ಅದಕ್ಕೆ ಸೇರಿಕೊಂಡ. ಎಲ್ಲ ಹುಡುಗರಿಗೂ ಒಂದು ವಯಸ್ಸಲ್ಲಿ ಗಂಟಲು ಒಡೆಯುತ್ತಲ್ಲ, ಇವನಿಗೂ ಒಡೆಯಿತು. ಆದರೆ ಮೇಲಿನ ದನಿಯನ್ನ ಇವನು ಬಿಡಲಿಲ್ಲ.

ಇಂಥ ಗಾಯಕನಿಗೆ ಕೌಂಟರ್‌ಟೆನರ್ ಅಂತಾರೆ. ಕೇಳಿದವರು ತಕ್ಷಣ 'ಓ, ಹಿಂದೆ ಇಟಲಿಯಲ್ಲಿ ಹುಡುಗರಿಗೆ ಬೀಜ ಒಡೆಸಿ ಹಾಡಿಸ್ತಿದ್ರಲ್ಲ, ಅದಾ?' ಅಂತಾರೆ. ಅಲ್ಲ. ಶೋಲ್ ಮಾತಾಡುವಾಗ ನಿಮ್ಮ ನನ್ನ ಹಾಗೇ ಗಂಡು ದನಿ. ಹಾಡುವಾಗ ಧ್ವನಿತಂತುಗಳು ಪೂರ್ತಿ ದಪ್ಪದಲ್ಲಿ ಕಂಪಿಸೋ ಬದಲು ತೆಳ್ಳಗೆ ಎಳೆದುಕೊಂಡು ಅಂಚು ಮಾತ್ರ ಕಂಪಿಸುತ್ತೆ. ಬಾತ್‌ರೂಮಲ್ಲಿ ಲತಾ ಮಂಗೇಶ್ಕರ್ ಅನುಕರಣೆ ಮಾಡೋ ಯಾವ ಗಂಡಸಿಗಾದರೂ ಆ ದನಿ ಇರುತ್ತೆ. ಆ ಕಳ್ಳದನಿಯನ್ನ ಇಪ್ಪತ್ತು ವರ್ಷ ಸಾಧನೆ ಮಾಡಿ, ಎಲ್ಲೂ ಬಿರುಕು ಕಾಣದ ಹಾಗೆ ತೀಡಿದರೆ ಶೋಲ್ ಆಗ್ತಾನೆ. ಯಕ್ಷಗಾನದ ಭಾಗವತರ ಏರು ಶ್ರುತಿ ಕೇಳಿ ಗೊತ್ತಿರೋರಿಗೆ ಗಂಡಸಿನ ಎತ್ತರದ ಹಾಡಿಕೆ ಹೊಸದಲ್ಲ. ಆದರೆ ಅದು ಎದೆಯಿಂದ ಎತ್ತಿ ಚಂಡೆಯ ಮೇಲೆ ನಿಲ್ಲಿಸೋ ದನಿ. ಇದು ಹಾಗಲ್ಲ. ಎಲ್ಲೂ ಬಲ ಹಾಕಿದ ಗುರುತು ಕಾಣಿಸಬಾರದು ಅನ್ನೋದೇ ಇದರ ಕಸುಬು.

ಆಲ್ಬಮ್ಮಿನ ಹೆಸರು 'ಎ ಮ್ಯೂಸಿಕಲ್ ಬ್ಯಾಂಕ್ವೆಟ್', ಸಂಗೀತದ ಔತಣ. 2001ರಲ್ಲಿ ಡೆಕ್ಕಾ ಕಂಪನಿಯಿಂದ ಬಂತು. ಲ್ಯೂಟ್ ನುಡಿಸಿದವನು ಎಡಿನ್ ಕರಮಾಜೊವ್. ಬೋಸ್ನಿಯಾದವನು. ಈ ಹೆಸರು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ. ಆಲ್ಬಮ್ಮಿನ ಹೆಸರು ಇವರು ಇಟ್ಟದ್ದಲ್ಲ. 1610ರಲ್ಲಿ ಲಂಡನ್ನಿನಲ್ಲಿ ಅದೇ ಹೆಸರಿನ ಒಂದು ಹಾಡಿನ ಪುಸ್ತಕ ಅಚ್ಚಾಗಿತ್ತು. ಮಾಡಿದವನು ರಾಬರ್ಟ್ ಡೌಲ್ಯಾಂಡ್ ಅನ್ನೋ ಇಪ್ಪತ್ತರ ಆಸುಪಾಸಿನ ಹುಡುಗ. ಇವತ್ತಿನ ಲೆಕ್ಕದಲ್ಲಿ ಅದೊಂದು ಪ್ಲೇಲಿಸ್ಟು. ಬೇರೆ ಬೇರೆಯವರ ಇಪ್ಪತ್ತು ಹಾಡು, ಅದರಲ್ಲಿ ಇಂಗ್ಲಿಷಿನವು ಹತ್ತು, ಮಿಕ್ಕದ್ದು ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್. ಜೊತೆಗೆ ಲ್ಯೂಟಿನಲ್ಲಿ ನುಡಿಸೋಕೆ ಒಂದು ಗ್ಯಾಲಿಯರ್ಡ್, ಅಂದರೆ ಕುಣಿತದ ಗತ್ತು. ಅರ್ಪಣೆ ಸರ್ ರಾಬರ್ಟ್ ಸಿಡ್ನಿ ಅನ್ನೋ ದೊಡ್ಡ ಮನುಷ್ಯನಿಗೆ, ಆತ ಈ ಹುಡುಗನ ಗಾಡ್‌ಫಾದರ್. ಅಕ್ಷರಶಃ ಗಾಡ್‌ಫಾದರ್, ನಾಮಕರಣದಲ್ಲಿ ನಿಂತವನು. ಹೆಸರೂ ಅವನದ್ದೇ. ಇಂಡಸ್ಟ್ರಿಯಲ್ಲಿ ಗಾಡ್‌ಫಾದರ್ ಇಲ್ಲದೆ ಆಗಲ್ಲ ಅನ್ನೋ ಮಾತು ಎಷ್ಟು ಹಳೇದು ನೋಡಿ.

ಇಲ್ಲಿ ನಾನು ಮಾತಾಡೋದು ಇಂಗ್ಲಿಷಿನ ಹತ್ತು ಹಾಡಿನ ಬಗ್ಗೆ ಮಾತ್ರ. ಇಟಾಲಿಯನ್ ಹಾಡುಗಳೂ ಚೆನ್ನಾಗಿವೆ, ಕಾಚೀನಿಯ 'ಅಮರಿಲ್ಲಿ' ಅಂತೂ ಸಂಗೀತ ಶಾಲೆಗೆ ಹೋದವರೆಲ್ಲ ಹಾಡಿರೋ ಹಾಡು. ಆದರೆ ನನ್ನ ತಕರಾರು ಇರೋದು ಇಂಗ್ಲಿಷಿನಲ್ಲಿ.

ಈ ಹತ್ತು ಹಾಡಿನ ಮಾತು ಬರೆದವರ ಪಟ್ಟಿ ನೋಡಿ. ಎಸೆಕ್ಸ್‌ನ ಅರ್ಲ್ ರಾಬರ್ಟ್ ಡೆವರೋ, ಎರಡು. ಫಿಲಿಪ್ ಸಿಡ್ನಿ, ಮೂರು. ಕಂಬರ್‌ಲ್ಯಾಂಡಿನ ಅರ್ಲ್ ಜಾರ್ಜ್ ಕ್ಲಿಫರ್ಡ್, ಒಂದು. ಸರ್ ಹೆನ್ರಿ ಲೀ, ಒಂದು. ಎಲ್ಲಾ ಆಸ್ಥಾನದವರು, ಎಲಿಜಬೆತ್ ರಾಣಿಯ ಸುತ್ತ ತಿರುಗಿದವರು. ಹಾಡುಗಳೆಲ್ಲ ಮೇಲ್ನೋಟಕ್ಕೆ ಪ್ರೇಮಗೀತೆಗಳೇ. ಅವಳು ಮನಸ್ಸು ಬದಲಿಸಿದಳು, ನನ್ನ ನಿಷ್ಠೆಗೆ ಬೆಲೆ ಸಿಗಲಿಲ್ಲ, ಇಷ್ಟು ವರ್ಷ ಸೇವೆ ಮಾಡಿದ್ದು ವ್ಯರ್ಥ ಆಯಿತು, ಹೀಗೆ. ಅವಳು ಅಂದರೆ ಯಾರು? ಎಸೆಕ್ಸ್‌ನ ಬದುಕು ಪಕ್ಕದಲ್ಲಿಟ್ಟುಕೊಂಡು ಕೇಳಿದರೆ ಇವು ಹುಡುಗಿಗೆ ಬರೆದ ಪದ್ಯಗಳಾಗಿ ಉಳಿಯೋದೇ ಇಲ್ಲ. ಅಪ್ರೈಸಲ್ ಆದ ಮೇಲೆ ಬಾಸಿಗೆ ಬರೆದು, ಕಳಿಸದೆ ಡ್ರಾಫ್ಟಿನಲ್ಲೇ ಇಟ್ಟ ಮೇಲ್ ಥರ ಕೇಳಿಸುತ್ತೆ.

ಎಸೆಕ್ಸ್ ರಾಣಿಯ ಅಚ್ಚುಮೆಚ್ಚಿನವನಾಗಿದ್ದ. 1599ರಲ್ಲಿ ಸೈನ್ಯ ತಗೊಂಡು ಐರ್ಲೆಂಡಿಗೆ ಹೋದ, ಕೆಲಸ ಕೆಡಿಸಿಕೊಂಡ, ಅಪ್ಪಣೆ ಇಲ್ಲದೆ ವಾಪಸ್ ಓಡಿ ಬಂದ. ಮರುವರ್ಷ ಅವನ ಮುಖ್ಯ ಆದಾಯವಾಗಿದ್ದ ಸಿಹಿ ವೈನಿನ ಸುಂಕದ ಗುತ್ತಿಗೆಯನ್ನ ರಾಣಿ ನವೀಕರಿಸಲಿಲ್ಲ. ಕೈ ಖಾಲಿಯಾದವನು 1601ರ ಫೆಬ್ರವರಿಯಲ್ಲಿ ಲಂಡನ್ನಿನ ಬೀದಿಯಲ್ಲಿ ದಂಗೆ ಎಬ್ಬಿಸೋಕೆ ನೋಡಿದ, ಜನ ಜೊತೆಗೆ ಬರಲಿಲ್ಲ. ಅದೇ ತಿಂಗಳ 25ಕ್ಕೆ ತಲೆ ಹೋಯಿತು. ಒಂಬತ್ತು ವರ್ಷದ ಮೇಲೆ, ರಾಣಿಯೂ ಸತ್ತು ಜೇಮ್ಸ್ ರಾಜ ಬಂದ ಮೇಲೆ, ಅವನ ಪದ್ಯಗಳು ಈ ಪುಸ್ತಕದಲ್ಲಿ ಹಾಡಾಗಿ ಬಂದವು. ಅದರಲ್ಲಿ ಒಂದು 'ಟು ಪ್ಲೀಡ್ ಮೈ ಫೇತ್'. ಸಂಗೀತ ಡೇನಿಯಲ್ ಬ್ಯಾಚೆಲರ್‌ನದು. ಕುಣಿತದ ಲಯದಲ್ಲಿ ಕೂತಿರೋ ಹಾಡು. ಮಾತಿನಲ್ಲಿ ಸಿಟ್ಟು, ಕೆಳಗೆ ಕಾಲು ಕುಣೀತಿದೆ. ನನಗೆ ಈ ಪುಸ್ತಕದಲ್ಲಿ ಅತಿ ಇಷ್ಟದ ಜೋಡಣೆ ಇದು.

ಶೋಲ್ ಇದನ್ನ ಹೇಗೆ ಹಾಡ್ತಾನೆ? ಚಂದವಾಗಿ. ಸಮಸ್ಯೆ ಇರೋದೇ ಅಲ್ಲಿ.

ಮೊದಲು ಮೆಚ್ಚಬೇಕಾದ್ದನ್ನ ಮೆಚ್ಚಿಬಿಡ್ತೀನಿ. ಸ್ವರ ಶುರುವಾಗೋ ರೀತಿ ಗಮನಿಸಿ. ಬಹಳ ಜನ ಗಾಯಕರ ಸ್ವರಕ್ಕೆ ಒಂದು ಹೊಸಿಲು ಇರುತ್ತೆ, ದಾಟಿದ್ದು ಗೊತ್ತಾಗುತ್ತೆ. ಶೋಲ್‌ನ ಸ್ವರಕ್ಕೆ ಹೊಸಿಲೇ ಇಲ್ಲ. ಮೌನ ಇತ್ತು, ಈಗ ಸ್ವರ ಇದೆ, ನಡುವೆ ಏನಾಯಿತು ಅಂತ ಹೇಳೋಕಾಗಲ್ಲ. ಉದ್ದದ ಸ್ವರವನ್ನ ಅಲುಗಾಡಿಸದೆ ನೇರವಾಗಿ ಹಿಡಿದು, ಇನ್ನೇನು ಮುಗೀಬೇಕು ಅನ್ನುವಾಗ ಚೂರೇ ಚೂರು ಕಂಪನ ಕೊಡ್ತಾನೆ, ನೀರಿನ ಮೇಲೆ ಗಾಳಿ ಬೀಸಿದ ಹಾಗೆ. ಮೇಲಿನ ಸ್ವರಕ್ಕೆ ಹೋದಾಗ ದನಿ ತೆಳ್ಳಗಾಗಲ್ಲ, ಕೆಳಗೆ ಬಂದಾಗ ಗಂಡು ದನಿ ಇಣುಕಲ್ಲ. ಕೌಂಟರ್‌ಟೆನರ್‌ಗಳಲ್ಲಿ ಬಹಳ ಜನಕ್ಕೆ ಆ ಕೆಳಗಿನ ಗಡಿಯಲ್ಲಿ ಗೇರ್ ಬದಲಿಸಿದ ಸದ್ದು ಬರುತ್ತೆ. ಇವನದ್ದು ಆಟೋಮ್ಯಾಟಿಕ್ ಗಾಡಿ.

ಈ ಗುಣಗಳು ಸಿಡ್ನಿಯ ಮೂರು ಹಾಡಿಗೆ ಹೇಳಿ ಮಾಡಿಸಿದ ಹಾಗಿವೆ. ಮೂರೂ 'ಆಸ್ಟ್ರೊಫಿಲ್ ಅಂಡ್ ಸ್ಟೆಲ್ಲಾ' ಅನ್ನೋ ಅವನ ಪದ್ಯಮಾಲೆಯಿಂದ ತೆಗೆದವು. 'ಗೋ ಮೈ ಫ್ಲಾಕ್' ಹಾಡಿನಲ್ಲಿ ಪ್ರೇಮ ಸೋತ ಕುರುಬ ತನ್ನ ಕುರಿಗಳಿಗೆ ನನ್ನ ಬಿಟ್ಟು ಹೋಗಿ ಅಂತಾನೆ. ಕುರಿ ಕಾದವರನ್ನ ನೋಡಿ ಬೆಳೆದ ನನಗೆ ಈ ಇಂಗ್ಲಿಷ್ ಕವಿಗಳ ಕುರುಬರು ಸ್ವಲ್ಪ ನಗು ತರಿಸ್ತಾರೆ. ಒಬ್ಬನ ಕಾಲಿಗೂ ಮುಳ್ಳು ಚುಚ್ಚಲ್ಲ, ಒಂದು ಕುರಿಗೂ ಕಾಲುಬಾಯಿ ರೋಗ ಬರಲ್ಲ. ಆದರೆ ಅದು ನಾಟಕದ ಕುರುಬ ಅಂತ ಒಪ್ಪಿಕೊಂಡರೆ ಶೋಲ್‌ನ ಮಣ್ಣು ಮುಟ್ಟದ ದನಿ ಅದಕ್ಕೆ ಸರಿಹೊಂದುತ್ತೆ. 'ಇನ್ ಎ ಗ್ರೋವ್' ಇನ್ನೂ ಚೆನ್ನಾಗಿದೆ. ಅದೊಂದು ಕಥೆ. ನೆರಳಿನ ತೋಪಿನಲ್ಲಿ ಇಬ್ಬರೂ ಸಿಗ್ತಾರೆ, ಮಾತಾಡೋಕೆ ಆಗದೆ ನಿಲ್ತಾರೆ, ಕೊನೆಗೆ ಅವಳು ಬೇಡ ಅಂತಾಳೆ. ಅಲ್ಲಿನ ಸಂಕೋಚವನ್ನ ಶೋಲ್ ದನಿ ಎತ್ತದೇ ಕಟ್ಟಿಕೊಡ್ತಾನೆ.

ಎಸೆಕ್ಸ್‌ಗೆ ಬಂದಾಗಲೂ ಅದೇ ದನಿ, ಅದೇ ಹೊಳಪು. ತಲೆ ಹೋಗೋ ದಾರಿಯಲ್ಲಿದ್ದವನ ಮಾತು ಅದು. ಒಂದು ಕಡೆಯಾದರೂ ವ್ಯಂಜನ ಕಚ್ಚಬೇಕಿತ್ತು, ಒಂದು ಸಾಲಾದರೂ ಉಸಿರು ಸಾಲದೆ ತುಂಡಾಗಬೇಕಿತ್ತು. ಆಗಲ್ಲ. ಎಲ್ಲ ಪಲ್ಯಕ್ಕೂ ಒಂದೇ ಒಗ್ಗರಣೆ ಹಾಕಿದ ಮದುವೆ ಊಟದ ಹಾಗೆ, ಒಂದೊಂದೂ ರುಚಿಯಾಗಿದೆ, ಆದರೆ ಬೀನ್ಸು ಯಾವುದು ಗೋರಿಕಾಯಿ ಯಾವುದು ಗೊತ್ತಾಗಲ್ಲ.

ಇದು ಅವನ ದನಿಯ ಮಿತಿ ಅಂತ ಕೆಲವರು ಹೇಳ್ತಾರೆ. ಕೌಂಟರ್‌ಟೆನರ್ ದನಿಯಲ್ಲಿ ಸಿಟ್ಟು ಬರೋದೇ ಇಲ್ಲ ಅಂತ. ನಾನು ಒಪ್ಪಲ್ಲ. ಫಿಲಿಪ್ ಹೆರೆವೆಗ್ ನಡೆಸಿಕೊಟ್ಟ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ರೆಕಾರ್ಡಿಂಗಿನಲ್ಲಿ ಇದೇ ಶೋಲ್ ಹಾಡಿದ್ದಾನೆ. ಅಲ್ಲಿ ಭಾಷೆ ಜರ್ಮನ್. ಅಲ್ಲಿ ಪದಗಳು ಹಲ್ಲಿಗೆ ತಾಗ್ತವೆ, ಕರುಣೆ ಬೇಡೋ ಹಾಡಿನಲ್ಲಿ ದನಿ ಬಾಗುತ್ತೆ, ಒಂದೊಂದು ಕಡೆ ಬೇಕೆಂದೇ ಸೌಂದರ್ಯ ಬಿಟ್ಟುಕೊಡ್ತಾನೆ. ದನಿ ಅದೇ, ಮನುಷ್ಯನೂ ಅವನೇ. ಬದಲಾಗಿರೋದು ಭಾಷೆ.

ಈ ಜಾಗದಲ್ಲಿ ನನಗೆ ಈ ಆಲ್ಬಮ್ ಬರೀ ಸಂಗೀತದ ವಿಷಯವಾಗಿ ಉಳಿಯಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿಇ ಸೇರಿದ ಮೇಲೆ ಇಂಗ್ಲಿಷ್ ಅಂದ್ರೆ ವೈವಾ, ಆಮೇಲೆ ಇಂಟರ್‌ವ್ಯೂ, ಆಮೇಲೆ ಸ್ಟೇಟಸ್ ಕಾಲ್. ಹದಿನೈದು ವರ್ಷದಿಂದ ದಿನಾ ಎಂಟು ಗಂಟೆ ಆ ಭಾಷೆಯಲ್ಲೇ ಬದುಕ್ತಾ ಇದ್ದೀನಿ. ಆ ಭಾಷೆಯಲ್ಲಿ ನನಗೆ ಕೆಲಸ ಮಾಡೋಕೆ ಬರುತ್ತೆ, ವಾದ ಮಾಡೋಕೆ ಬರುತ್ತೆ, ಕ್ಲೈಂಟಿಗೆ ಸಾರಿ ಹೇಳೋಕಂತೂ ಬಹಳ ಚೆನ್ನಾಗಿ ಬರುತ್ತೆ. ಅಳೋಕೆ ಬರಲ್ಲ, ಬೈಯೋಕೂ ಬರಲ್ಲ. ಬೈದರೂ ಸಿನಿಮಾದಲ್ಲಿ ಕೇಳಿದ್ದನ್ನ ವಾಪಸ್ ಒದರಿದ ಹಾಗಿರುತ್ತೆ. ಕಾಲ್‌ನಲ್ಲಿ ನಮ್ಮಂಥವರು ಮಾತಾಡೋ ಇಂಗ್ಲಿಷನ್ನ ಯಾವತ್ತಾದರೂ ಗಮನಿಸಿ ಕೇಳಿ. ವ್ಯಾಕರಣ ಸರಿ, ಉಚ್ಚಾರ ಸರಿ, ದನಿ ಏರಿಳಿಯದೆ ಒಂದೇ ಮಟ್ಟದಲ್ಲಿ ಸಾಗುತ್ತೆ. ಎಲ್ಲಿ ತಪ್ಪಿಬಿಡ್ತೀವೋ ಅನ್ನೋ ಹುಷಾರು ಪ್ರತಿ ಪದದ ಬೆನ್ನಿಗೂ ಕೂತಿರುತ್ತೆ. ಶೋಲ್‌ನ ಇಂಗ್ಲಿಷ್ ನನಗೆ ಹಾಗೇ ಕೇಳಿಸುತ್ತೆ. ಅಪ್ಪಟ, ಸ್ಪಷ್ಟ, ಒಂದು ಚುಕ್ಕೆ ಅತ್ತಿತ್ತ ಇಲ್ಲ. ಅಷ್ಟು ಹುಷಾರಾಗಿದ್ದವರು ಸಿಟ್ಟು ಮಾಡಿಕೊಳ್ಳೋದು ಹೇಗೆ?

ಈಗ ಕರಮಾಜೊವ್ ಹೆಸರು ನೆನಪು ಮಾಡಿಕೊಳ್ಳಿ. ಐದು ವರ್ಷದ ಮೇಲೆ, 2006ರಲ್ಲಿ, ಇದೇ ಲ್ಯೂಟ್ ವಾದಕ ಇನ್ನೊಂದು ಆಲ್ಬಮ್ಮಿಗೆ ನುಡಿಸಿದ. ಹೆಸರು 'ಸಾಂಗ್ಸ್ ಫ್ರಮ್ ದ ಲ್ಯಾಬಿರಿಂತ್', ಹಾಡಿದವನು ಸ್ಟಿಂಗ್. ಹೌದು, 'ಎವ್ರಿ ಬ್ರೆತ್ ಯೂ ಟೇಕ್' ಸ್ಟಿಂಗೇ. ಹಾಡುಗಳು ಹೆಚ್ಚೂಕಡಿಮೆ ಎಲ್ಲಾ ರಾಬರ್ಟನ ಅಪ್ಪ ಜಾನ್ ಡೌಲ್ಯಾಂಡ್‌ನವು. 'ಇನ್ ಡಾರ್ಕ್‌ನೆಸ್ ಲೆಟ್ ಮಿ ಡ್ವೆಲ್' ಅನ್ನೋ ಒಂದು ಹಾಡು ಎರಡೂ ಕಡೆ ಇದೆ. ಹಾಡು ಒಂದು, ಲ್ಯೂಟಿನವನು ಒಬ್ಬನೇ, ಗಂಟಲು ಎರಡು. ಸಾಫ್ಟ್‌ವೇರಿನವರಿಗೆ ಹೇಳಬೇಕಾ, ಇದಕ್ಕಿಂತ ಚೆನ್ನಾದ ಎ-ಬಿ ಟೆಸ್ಟ್ ಸಿಗಲ್ಲ.

ಹಾಡಿಗೆ ಹೋಗೋ ಮುಂಚೆ ಹಾಡು ಕಟ್ಟಿದವನ ಕಥೆ ಎರಡು ಮಾತಲ್ಲಿ ಹೇಳಬೇಕು. ಜಾನ್ ಡೌಲ್ಯಾಂಡ್ ತನ್ನ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ಲ್ಯೂಟ್ ವಾದಕ. 1594ರಲ್ಲಿ ಆಸ್ಥಾನದಲ್ಲಿ ಲ್ಯೂಟಿನವನ ಜಾಗ ಖಾಲಿಯಾಯಿತು, ಅರ್ಜಿ ಹಾಕಿದ, ಸಿಗಲಿಲ್ಲ. ಪ್ಯಾರಿಸ್ಸಿನಲ್ಲಿದ್ದಾಗ ಕ್ಯಾಥೊಲಿಕ್ ಆಗಿದ್ದೆ, ಅದಕ್ಕೇ ಕೊಡಲಿಲ್ಲ ಅಂತ ಅವನ ನಂಬಿಕೆ. ಜರ್ಮನಿ, ಇಟಲಿ ಅಲೆದ. 1595ರ ನವೆಂಬರಿನಲ್ಲಿ ನ್ಯೂರೆಂಬರ್ಗ್‌ನಿಂದ ರಾಬರ್ಟ್ ಸೆಸಿಲ್ ಅನ್ನೋ ಮಂತ್ರಿಗೆ ಉದ್ದನೆ ಪತ್ರ ಬರೆದು, ಫ್ಲಾರೆನ್ಸ್‌ನಲ್ಲಿ ರಾಣಿಯ ವಿರುದ್ಧ ಮಸಲತ್ತು ಮಾಡೋರನ್ನ ಕಂಡೆ, ನಾನು ಅವರ ಜೊತೆಗಿಲ್ಲ, ನಂಬಿ ಅಂತ ಬೇಡಿಕೊಂಡ. ಸ್ಟಿಂಗ್ ತನ್ನ ಆಲ್ಬಮ್ಮಿನಲ್ಲಿ ಹಾಡುಗಳ ನಡುವೆ ಈ ಪತ್ರದ ತುಣುಕುಗಳನ್ನ ಓದ್ತಾನೆ. ಅದರಿಂದಲೂ ಕೆಲಸ ಸಿಗಲಿಲ್ಲ. 1598ರಲ್ಲಿ ಡೆನ್ಮಾರ್ಕಿನ ರಾಜ ನಾಲ್ಕನೇ ಕ್ರಿಶ್ಚಿಯನ್ ಕರೆದು ವರ್ಷಕ್ಕೆ 500 ಡಾಲರ್ ಸಂಬಳ ಕೊಟ್ಟ. ಅಮೆರಿಕದ ಡಾಲರ್ ಅಲ್ಲ, ಅಲ್ಲಿನ ಬೆಳ್ಳಿ ನಾಣ್ಯ. ಆಸ್ಥಾನದ ಭಾರೀ ಸಂಬಳಗಳಲ್ಲಿ ಅದೂ ಒಂದು. ಪಕ್ಕಾ ಆನ್‌ಸೈಟ್. ಆನ್‌ಸೈಟ್‌ಗೆ ಹೋದವರ ಕಥೆ ನಮಗೆ ಗೊತ್ತೇ ಇದೆಯಲ್ಲ, ದುಡ್ಡು ಅಲ್ಲಿ, ಮನಸ್ಸು ಇಲ್ಲಿ. ಪ್ರತಿ ಸಲ ಊರಿಗೆ ಬಂದಾಗಲೂ ಲಂಡನ್ನಿನಲ್ಲಿ ಕೆಲಸ ಹುಡುಕೋದು, ರಜೆ ಮುಗಿದ ಮೇಲೂ ಹೋಗದೆ ಉಳಿಯೋದು. 1606ರಲ್ಲಿ ಡೆನ್ಮಾರ್ಕಿನವರು ಕೆಲಸದಿಂದ ತೆಗೆದರು. ಇಂಗ್ಲೆಂಡಿನ ರಾಜನ ಲ್ಯೂಟ್ ವಾದಕರಲ್ಲಿ ಒಬ್ಬನಾಗಿ ಕೊನೆಗೂ ನೇಮಕ ಆಗಿದ್ದು 1612ರಲ್ಲಿ. ಆಗ ವಯಸ್ಸು ಐವತ್ತರ ಹತ್ತಿರ.

ಅಂದರೆ 1610ರಲ್ಲಿ ಮಗನ ಪುಸ್ತಕಕ್ಕೆ ಈ ಹಾಡು ಕೊಟ್ಟಾಗ ಡೌಲ್ಯಾಂಡ್ ಎರಡೂ ಕಡೆ ಕೆಲಸ ಇಲ್ಲದವನು. ಮಾತು ಅವನದ್ದಲ್ಲ, 1606ರಲ್ಲೇ ಜಾನ್ ಕೋಪ್ರಾರಿಯೊ ಅನ್ನೋನು ಒಂದು ಸಾವಿನ ಶೋಕಗೀತೆಗಳ ಪುಸ್ತಕದಲ್ಲಿ ಈ ಪದ್ಯಕ್ಕೆ ರಾಗ ಹಾಕಿದ್ದ. ಡೌಲ್ಯಾಂಡ್ ಅದನ್ನ ತಗೊಂಡು ಬೇರೆಯೇ ಮಾಡಿಬಿಟ್ಟ. ಪದ್ಯ ಕೇಳೋದು ಒಂದು ಮನೆ. ನೆಲದಿಂದ ಛಾವಣಿಯವರೆಗೆ ದುಃಖದಿಂದಲೇ ಕಟ್ಟಿದ ಮನೆ. ಲ್ಯೂಟ್ ಒಂದಷ್ಟು ಹೊತ್ತು ಒಂದೇ ನುಡಿಸುತ್ತೆ, ಆಮೇಲೆ ದನಿ ಉದ್ದುದ್ದ ಸ್ವರಗಳಲ್ಲಿ ನಿಧಾನಕ್ಕೆ ಬರುತ್ತೆ. ಲ್ಯೂಟೂ ದನಿಯೂ ಒಟ್ಟಿಗೆ ನಡೆಯಲ್ಲ. ಒಂದು ಮುಂದೆ ಹೋಗುತ್ತೆ, ಇನ್ನೊಂದು ತಡೆದು ನಿಲ್ಲುತ್ತೆ, ಇನ್ನೇನು ಸೇರ್ತವೆ ಅನ್ನುವಾಗ ಕರ್ಕಶವಾಗಿ ತಾಗಿಕೊಳ್ತವೆ. ನಿದ್ದೆ ಕೆಡಿಸೋ ನರಕದ ಸದ್ದಿನ ಮಾತು ಬಂದಾಗ ಸಂಗೀತ ನಿಜವಾಗಲೂ ಕಿವಿಗೆ ಚುಚ್ಚುತ್ತೆ. 400 ವರ್ಷದ ಹಿಂದಿನ ಹಾಡು ಅನಿಸಲ್ಲ. ಕೊನೆಗೆ ಮೊದಲ ಸಾಲು ವಾಪಸ್ ಬರುತ್ತೆ. ಬಂದು, ಮುಗಿಯೋದಿಲ್ಲ. ನಿಲ್ಲುತ್ತೆ, ಅಷ್ಟೇ. ಕರೆಂಟು ಹೋದ ಹಾಗೆ.

ಸ್ಟಿಂಗ್ ಇದನ್ನ ಹಾಡೋದು ಒರಟು ದನಿಯಲ್ಲಿ, ಮೈಕಿಗೆ ಬಾಯಿ ಹಚ್ಚಿ. ಉಸಿರು ಕೇಳಿಸುತ್ತೆ, ಉದ್ದದ ಸ್ವರ ಹಿಡಿಯೋಕೆ ಒದ್ದಾಡೋದು ಕೇಳಿಸುತ್ತೆ. ಹಳೇ ಸಂಗೀತದ ಪಂಡಿತರು ಮೂಗು ಮುರಿದರು, ಅವರ ಆಕ್ಷೇಪ ಸುಳ್ಳೂ ಅಲ್ಲ, ಸಾಲುಗಳು ತುಂಡಾಗ್ತವೆ, ಸೂಕ್ಷ್ಮ ಅಲಂಕಾರಗಳು ಜಾರಿಹೋಗ್ತವೆ. ಆದರೆ ಸ್ಟಿಂಗ್ ಹುಟ್ಟಿದ್ದು ಇಂಗ್ಲೆಂಡಿನ ಈಶಾನ್ಯದ ವಾಲ್ಸೆಂಡ್‌ನಲ್ಲಿ, ಹಡಗು ಕಟ್ಟೋ ಕಾರ್ಖಾನೆ ಪಕ್ಕ, ಹಾಲು ಹಾಕೋನ ಮಗನಾಗಿ. ಅವನು ಬೈದದ್ದು, ಅತ್ತದ್ದು ಎಲ್ಲ ಈ ಭಾಷೆಯಲ್ಲೇ. ಕತ್ತಲೆ ಅನ್ನೋ ಪದ ಅವನ ಬಾಯಲ್ಲಿ ಬರುವಾಗ ಅದರ ಹಿಂದೆ ಒಂದು ಬೀದಿ ಇರುತ್ತೆ. ನನಗೆ ಈ ಒಂದು ಹಾಡಿನಲ್ಲಿ ಸ್ಟಿಂಗ್ ಹೆಚ್ಚು ನಂಬಿಕೆಗೆ ಅರ್ಹ ಅನಿಸ್ತಾನೆ. ಶೋಲ್ ಹಾಡೋ ಕತ್ತಲೆ ಮನೆಗೆ ಒಳ್ಳೆ ಇಂಟೀರಿಯರ್ ಡಿಸೈನರ್ ಬಂದುಹೋದ ಹಾಗಿದೆ.

ಆ ಕೊನೆಯ ಸಾಲು ಮಾತ್ರ ಬೇರೆ. ಅಲ್ಲಿ ಸ್ಟಿಂಗ್ ದಣಿದಿರ್ತಾನೆ, ದಣಿದವನು ನಿಂತರೆ ಆಶ್ಚರ್ಯ ಇಲ್ಲ. ಶೋಲ್ ದಣಿದಿರಲ್ಲ. ಇನ್ನೂ ಒಂದು ಗಂಟೆ ಹಾಗೇ ಹಾಡಬಲ್ಲ ದನಿ, ಒಂದು ಚೂರೂ ಮಾಸದ ದನಿ, ತಟಕ್ಕನೆ ಇಲ್ಲ. ಅಲ್ಲಿ ಆ ಸೌಂದರ್ಯ ಮೊದಲ ಸಲ ಭಯ ಹುಟ್ಟಿಸುತ್ತೆ. ಇಡೀ ಹಾಡಿನಲ್ಲಿ ಕಾಣದ ಸಾವು ಆ ಮೌನದಲ್ಲಿ ಕಾಣುತ್ತೆ. ಹಾಗಾಗಿ ನನ್ನ ಎ-ಬಿ ಟೆಸ್ಟು ಕೊನೆ ಹತ್ತು ಸೆಕೆಂಡಿನಲ್ಲಿ ತಲೆಕೆಳಗಾಗುತ್ತೆ.

ಸ್ಟಿಂಗ್‌ನನ್ನ ಬೈದವರ ಇನ್ನೊಂದು ವಾದ, ಈ ಹಾಡುಗಳನ್ನ 'ಅಥೆಂಟಿಕ್' ಆಗಿ ಕೌಂಟರ್‌ಟೆನರ್ ಹಾಡಬೇಕು ಅನ್ನೋದು. ಇದಕ್ಕೆ ಆಧಾರ ಕಡಿಮೆ. ಪುಸ್ತಕದಲ್ಲಿ ಮೇಲಿನ ದನಿ ಅಂತ ಅಚ್ಚಾಗಿದೆಯೇ ಹೊರತು ಯಾರ ದನಿ ಅಂತಿಲ್ಲ. ಹೆಂಗಸು, ಗಂಡಸು, ಮನೆಯಲ್ಲಿ ಯಾರಿಗೆ ಬರುತ್ತೋ ಅವರು ಹಾಡಿಕೊಳ್ಳೋದು. ಅವತ್ತಿನ ಇಂಗ್ಲೆಂಡಿನಲ್ಲಿ ಕೌಂಟರ್‌ಟೆನರ್ ಅಂತ ಕರೀತಿದ್ದವರು ಇವತ್ತಿನ ಥರ ಕಳ್ಳದನಿಯಲ್ಲಿ ಹಾಡ್ತಿದ್ದರಾ, ಇಲ್ಲಾ ಎತ್ತರದ ಸಹಜ ದನಿಯಲ್ಲಾ ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಾರೆ. ಲ್ಯೂಟ್ ಜೊತೆ ಒಬ್ಬ ಕೌಂಟರ್‌ಟೆನರ್ ಅನ್ನೋ ನಮ್ಮ ಕಣ್ಣಿನ ಚಿತ್ರ ಗಟ್ಟಿಯಾಗಿದ್ದು ಇಪ್ಪತ್ತನೇ ಶತಮಾನದಲ್ಲಿ, ಆಲ್ಫ್ರೆಡ್ ಡೆಲ್ಲರ್ ಅನ್ನೋ ಒಬ್ಬನಿಂದ. 1943ರಲ್ಲಿ ಕ್ಯಾಂಟರ್ಬರಿಯ ಚರ್ಚಿನ ಮೇಳದಲ್ಲಿದ್ದ ಅವನ ದನಿಯನ್ನ ಸಂಗೀತಕಾರ ಮೈಕೆಲ್ ಟಿಪೆಟ್ ಕೇಳಿದ, ಮುಂದಕ್ಕೆ ತಂದ. ಡೆಸ್ಮಂಡ್ ಡುಪ್ರೇಯ ಲ್ಯೂಟ್ ಜೊತೆ ಡೆಲ್ಲರ್ ಮಾಡಿದ ರೆಕಾರ್ಡುಗಳೇ ಈ ಜಾತಿಯ ಎಲ್ಲ ಆಲ್ಬಮ್ಮುಗಳ ಮುತ್ತಜ್ಜ. ಡೆಲ್ಲರ್ ದನಿ ಶೋಲ್‌ನಷ್ಟು ನುಣುಪಲ್ಲ, ಆದರೆ ಪದವನ್ನ ಬಾಯಲ್ಲಿ ಉರುಳಿಸಿ ರುಚಿ ನೋಡಿ ಆಚೆ ಬಿಡೋ ಅವನ ರೀತಿ ಶೋಲ್‌ಗೆ ಬಂದಿಲ್ಲ.

ಲ್ಯೂಟ್ ಬಗ್ಗೆ ಹೇಳದೆ ಮುಗಿಸಿದರೆ ಕರಮಾಜೊವ್‌ಗೆ ಅನ್ಯಾಯ. ಲ್ಯೂಟ್ ಅಂದರೆ ಹಲಸಿನಹಣ್ಣನ್ನ ಉದ್ದಕ್ಕೆ ಸೀಳಿದಂಥ ಬೆನ್ನು, ಜೋಡಿ ಜೋಡಿಯಾಗಿ ಕಟ್ಟಿದ ತಂತಿ, ಬೆರಳ ತುದಿಯಿಂದ ಮೀಟೋದು. ಹಳೇ ಕಾಲದಲ್ಲಿ ತಂತಿ ಪ್ರಾಣಿಗಳ ಕರುಳಿನದು. ಸದ್ದು ಸಣ್ಣದು, ಹುಟ್ಟಿದ ಕೂಡಲೇ ಸಾಯುತ್ತೆ. ದೊಡ್ಡ ಹಾಲ್‌ಗೆ ಆಗದ ವಾದ್ಯ. ಆಗಿನ ಹಾಡಿನ ಪುಸ್ತಕಗಳೂ ಹಾಗೇ, ಮೇಜಿನ ಮೇಲೆ ಒಂದೇ ಪುಸ್ತಕ ಬಿಚ್ಚಿಟ್ಟರೆ ಎದುರು ಕೂತವನಿಗೂ ಓದೋಕೆ ಬರಲಿ ಅಂತ ಅವನ ಭಾಗವನ್ನ ತಲೆಕೆಳಗಾಗಿ ಅಚ್ಚು ಹಾಕ್ತಿದ್ದರು. ನಾಲ್ಕು ಜನ ಮೇಜಿನ ಸುತ್ತ ಕೂತು ಹಾಡಿಕೊಳ್ಳೋಕೆ ಮಾಡಿದ ಸಂಗೀತ ಇದು. ಅದಕ್ಕೇ ಇದನ್ನ ಸ್ಪೀಕರಿನಲ್ಲಿ ಜೋರಾಗಿ ಹಾಕಬೇಡಿ. ಹೆಡ್‌ಫೋನ್ ಹಾಕಿ, ಸದ್ದು ಕಡಿಮೆ ಮಾಡಿ. ಕರಮಾಜೊವ್‌ನ ಬೆರಳು ತಂತಿ ಬಿಡೋ ಸದ್ದೂ ಸಿಗುತ್ತೆ. ಶೋಲ್ ಮಾಡದ ಜಗಳವನ್ನ ಎಷ್ಟೋ ಕಡೆ ಇವನು ಮಾಡ್ತಾನೆ. ದನಿ ನಯವಾಗಿ ಸಾಗ್ತಿರುವಾಗ ಕೆಳಗಿನ ತಂತಿಯನ್ನ ಸ್ವಲ್ಪ ಒರಟಾಗಿ ಎಳೆದು, ತಾಳವನ್ನ ಚೂರು ಹಿಡಿದು, ಇಲ್ಲಿ ಏನೋ ಸರಿಯಿಲ್ಲ ಅಂತ ಸೂಚನೆ ಕೊಡ್ತಾ ಇರ್ತಾನೆ. ಆಲ್ಬಮ್ಮಿನ ನಾಟಕ ಇರೋದೇ ಬಹಳ ಸಲ ಅವನ ಎಡಗೈ ಬಲಗೈ ನಡುವೆ.

ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನ ಅತ್ಯುತ್ತಮ ಹಾಡು ಪ್ರಸಿದ್ಧವಾದ ಯಾವುದೂ ಅಲ್ಲ. 'ಫಾರ್ ಫ್ರಮ್ ಟ್ರಯಂಫಿಂಗ್ ಕೋರ್ಟ್', ಸಂಗೀತ ಡೌಲ್ಯಾಂಡ್, ಮಾತು ಸರ್ ಹೆನ್ರಿ ಲೀ. ಲೀ ಎಲಿಜಬೆತ್ ರಾಣಿಯ ಹೆಸರಲ್ಲಿ ಕುದುರೆ ಏರಿ ಭರ್ಜಿ ಕಾಳಗ ಮಾಡ್ತಿದ್ದ ಆಸ್ಥಾನದ ವೀರ. 1590ರಲ್ಲಿ, ಐವತ್ತೇಳನೇ ವಯಸ್ಸಿಗೆ, ದೊಡ್ಡ ಸಮಾರಂಭ ಮಾಡಿ ನಿವೃತ್ತನಾದ. ಅವತ್ತು ರಾಣಿಯ ಎದುರು ಹಾಡಿದವನು ರಾಬರ್ಟ್ ಹೇಲ್ಸ್, ಅವನು ಕಟ್ಟಿದ ಒಂದು ಹಾಡೂ ಈ ಪುಸ್ತಕದಲ್ಲಿದೆ. ಅವತ್ತು ಲೀಯಿಂದ ಚಾರ್ಜ್ ತಗೊಂಡವನು ಇದೇ ಪುಸ್ತಕದ ಇನ್ನೊಬ್ಬ ಕವಿ ಕಂಬರ್‌ಲ್ಯಾಂಡ್. ಪುಸ್ತಕ ಬರೋ ಹೊತ್ತಿಗೆ ಕಂಬರ್‌ಲ್ಯಾಂಡ್ ಇಲ್ಲ, ಎಸೆಕ್ಸ್ ಇಲ್ಲ, ಫಿಲಿಪ್ ಸಿಡ್ನಿ ಎಲ್ಲರಿಗಿಂತ ಮೊದಲೇ 1586ರ ಯುದ್ಧದಲ್ಲಿ ಗಾಯಗೊಂಡು ಸತ್ತಿದ್ದ. ಆ ನಾಲ್ವರಲ್ಲಿ ಉಳಿದಿದ್ದವನು ಲೀ ಒಬ್ಬನೇ. ಎಲ್ಲರೂ ಮರೆತು ಹಳ್ಳಿ ಮನೆಯಲ್ಲಿ ಕೂತಿದ್ದ ಮುದುಕನನ್ನ ಹೊಸ ರಾಣಿ ಆನ್ ನೋಡೋಕೆ ಬಂದಳು, ಆ ಸಂತೋಷದ ಮೇಲೆ ಈ ಪದ್ಯ.

ಇಲ್ಲಿ ಬೇಡಿಕೆ ಇಲ್ಲ, ದೂರು ಇಲ್ಲ. ಇಲ್ಲಿ ಶೋಲ್ ಗೆಲ್ಲೋದು ನಾನು ಇಷ್ಟು ಹೊತ್ತು ತಪ್ಪು ಹುಡುಕಿದ ಗುಣದಿಂದಲೇ. ಅವನ ದನಿಗೆ ವಯಸ್ಸಿಲ್ಲ. ಎಪ್ಪತ್ತೈದು ದಾಟಿದವನ ಮಾತನ್ನ ನಡುಗೋ ದನಿಯಲ್ಲಿ ಹಾಡಿದ್ದರೆ ಅದು ಮಿಮಿಕ್ರಿ ಆಗ್ತಿತ್ತು. ವಯಸ್ಸಿಲ್ಲದ ದನಿಯಲ್ಲಿ ಹಾಡಿದಾಗ, ತನಗಾಗಬೇಕಾದ್ದೆಲ್ಲ ಆಗಿಹೋದ ಮನುಷ್ಯ ಆರಾಮಾಗಿ ಜಗಲಿ ಮೇಲೆ ಕೂತು, ಯಾರನ್ನೂ ಮೆಚ್ಚಿಸೋ ಗರಜಿಲ್ಲದೆ ಮಾತಾಡಿದ ಹಾಗೆ ಕೇಳಿಸುತ್ತೆ. ಆ ಹುಷಾರು ಇಂಗ್ಲಿಷೂ ಇಲ್ಲಿ ಹಳೇ ಕಾಲದ ಮರ್ಯಾದೆಯಾಗಿ ಬದಲಾಗುತ್ತೆ. ಚರಣದ ಮೇಲೆ ಚರಣ ಬರ್ತಾ ಹೋಗುತ್ತೆ, ಅವಸರ ಇಲ್ಲ. ಲೀ ತೀರಿಕೊಂಡದ್ದು 1611ರ ಫೆಬ್ರವರಿಯಲ್ಲಿ. ಪುಸ್ತಕ ಅಚ್ಚಾಗಿ ಬಂದದ್ದು ಅದರ ಹಿಂದಿನ ವರ್ಷ.